ಸೊಂಟದ ಕೆಳಗೆ ಮಾತ್ರ

ಕಾಸ್ತ್ರೋ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ
ಆ ಹುಡುಗಿ ನನ್ನ ಮಂಚದಂಚಿಗೆ ಕೂತು ಕೇಳಿದಳು:
ಅಜ್ಜಿ, ಪೂರ್ತಿ ನಿದ್ದೆಯೋ, ಸೊಂಟದ ಕೆಳಗೆ ಮಾತ್ರವೋ?
ಡಾಕ್ಟರ್ ಇತುರ್ರಾ. ಉತ್ತರದ ಮರುಭೂಮಿಯವಳು.
ನಮ್ಮ ದ್ವೀಪದ ಚಳಿಗೆ ಬಿಳಿ ಕೋಟಿನೊಳಗೆ ಎರಡು ಸ್ವೆಟರು.

ಹೋಟೆಲಿನವರು ತಿಂಡಿ ಕೇಳುವ ಹಾಗೆ ಕೇಳಿದಳು,
ಆಮೇಲೆ ತಾನೇ ನಾಚಿ ದನಿ ತಗ್ಗಿಸಿದಳು.
ಮಂಡಿ ಬದಲಿಸಿಕೊಂಡ ಸಾವಿರಾರು ಜನರ ಲೆಕ್ಕವಿದೆಯಂತೆ.
ಬೆನ್ನಿಗೆ ಸೂಜಿ ಚುಚ್ಚಿಸಿಕೊಂಡವರ ಗಾಯ
ಒಂದಿಷ್ಟು ಕಡಿಮೆ ಕೀವಾಗಿದೆಯಂತೆ, ಕೆಲವು ಲೆಕ್ಕಗಳಲ್ಲಿ.
ಬೇರೆ ಲೆಕ್ಕಗಳಲ್ಲಿ ಅದೂ ಒಂದೇ ಇದೂ ಒಂದೇ.
ಯಾಕೆ ಅಂದೆ.
ಕಾಲಿಗೆ ನೆತ್ತರು ಚೆನ್ನಾಗಿ ಹರಿಯುತ್ತಿರಬಹುದು ಅಂದಳು.
ಪೆನ್ನಿನ ಟೋಪಿ ತೆಗೆದಳು, ಹಾಕಿದಳು, ಮತ್ತೆ ತೆಗೆದಳು.

'ಇರಬಹುದು' ಅನ್ನುವವರನ್ನು ನಾನು ನಂಬುತ್ತೇನೆ.
ನನ್ನ ಗಂಡ ಸೋಫಾನೋರ್ ದೋಣಿ ಕಟ್ಟುತ್ತಿದ್ದ,
ಮುಳುಗಲ್ಲ ಅಂತ ಒಂದಕ್ಕೂ ಮಾತು ಕೊಟ್ಟವನಲ್ಲ.
ಹಲಗೆ ಹಲಗೆಯ ನಡುವಿನ ಸಂದಿಗೆ
ಅಲೆರ್ಸೆ ಮರದ ತೊಗಟೆಯ ನಾರು ತುರುಕಿ, ಉಳಿಯಿಟ್ಟು ಬಡಿದು,
ಕಿವಿಗೊಡುತ್ತಿದ್ದ. ಬಿಗಿದ ಸಂದಿಯ ದನಿಯೇ ಬೇರೆಯಂತೆ.
ನೀರಿಗೆ ಕೂದಲೆಳೆಯಷ್ಟು ಜಾಗ ಸಾಕು, ಹೆರ್ಮಿಂದಾ,
ಅದಕ್ಕೇನೂ ಅವಸರವಿಲ್ಲ.

ಸೊಂಟದ ಕೆಳಗೆ ಮಾತ್ರ, ಅಂದೆ.
ನಿಜ ಹೇಳಲೇ, ಕೀವಿನ ಭಯಕ್ಕಲ್ಲ.
ನನ್ನ ಮೂಳೆಗೆ ಯಾರು ಉಳಿ ಇಡುತ್ತಾರೋ
ಅವರ ಕೈಯ ಸದ್ದು ಕೇಳಬೇಕಿತ್ತು ನನಗೆ.

ಬೆಕ್ಕಿನ ಹಾಗೆ ಬೆನ್ನು ಬಾಗಿಸು ಅಂದರು.
ಬೆನ್ನಹುರಿಯಲ್ಲಿ ಒಂದು ತಣ್ಣನೆ ಚುಚ್ಚು, ಹಿಂದೆಯೇ ಬಿಸಿ, ಜೋಮು,
ಕಾಲೆರಡೂ ಹೇಳದೆ ಕೇಳದೆ ನೆರೆಮನೆಗೆ ಹೊರಟುಹೋದವು.
ಹಸಿರು ಪರದೆಯಾಚೆ ಗರಗಸ.
ಆಮೇಲೆ ಸುತ್ತಿಗೆ. ಟಕ್. ಟಕ್. ಟೊಳ್ಳಾದ ಇನ್ನೊಂದು ಟಕ್.
ಅದು ಸಡಿಲ, ಅಂದೆ ಪರದೆಗೆ.
ಎಲ್ಲರ ಕೈ ನಿಂತಿತು. ಸರ್ಜನ್ ನಕ್ಕ, ಎರಡು ಸಲ ಬಡಿದ.
ಈಗ?
ಈಗ ಸರಿ.

ಪಕ್ಕದ ಮಂಚದ ಕ್ಲೋರಿಂದಾ ಬಾರ್ರಿಯಾ
ಪೂರ್ತಿ ನಿದ್ದೆ ಕೇಳಿಕೊಂಡವಳು.
ಸಾಲ್ಮನ್ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಸದ್ದು ಕೇಳಿದ್ದಾಳೆ,
ಇನ್ನು ತನ್ನದೇ ಮಂಡಿಯದ್ದು ಬೇರೆ ಕೇಳಬೇಕೇ ಅಂತ.
ಅವಳ ಹೊಲಿಗೆ ಒಣಗಿ ಗೆರೆಯಾಯಿತು.
ಆರನೇ ದಿನ ಲಿಪ್‌ಸ್ಟಿಕ್ ಹಚ್ಚಿಕೊಂಡು, ವಾಕರ್ ತಳ್ಳಿಕೊಂಡು
ಮನೆಗೆ ಹೋದಳು, ಉಳಿದ ಬಿಸ್ಕತ್ತು ನನಗೆ ಬಿಟ್ಟು.

ನನ್ನದು ಒಂಬತ್ತನೇ ದಿನ.
ಹೊಲಿಗೆಯ ಕೆಳತುದಿಯಲ್ಲಿ ಮುರ್ತಾ ಹಣ್ಣಿನಷ್ಟು ಕೆಂಪು,
ಸಂಜೆಗೆ ಜ್ವರ, ಬೆಳಗಿಗೆ ಬ್ಯಾಂಡೇಜಿನ ಮೇಲೆ ಹಳದಿ.

ಇತುರ್ರಾ ಬಂದಳು. ಗಾಯ ನೋಡುವುದು ಅವಳ ಕೆಲಸವಲ್ಲ.
ನಿಂತಳು. ಹೊದಿಕೆಯ ಮೂಲೆ ಸರಿಮಾಡಿದಳು, ಸರಿಯಾಗಿಯೇ ಇತ್ತು ಅದು.
ನಾನು ಹೇಳಿದ ಲೆಕ್ಕ, ಅಂದಳು.
ಲೆಕ್ಕ ಸುಳ್ಳಲ್ಲ ಮಗಳೇ, ಅದು ಬೇರೆಯವರ ಮಂಡಿಗಳದು, ಅಂದೆ.
ಸುಮ್ಮನೆ ಅವಳನ್ನು ಸಮಾಧಾನ ಮಾಡಿದೆ ಅಷ್ಟೆ.
ರಾತ್ರಿಯೆಲ್ಲ ನನಗೂ ಅದೇ ಯೋಚನೆ:
ನಿದ್ದೆ ಕೇಳಿದ್ದರೆ?
ಆ ಟೊಳ್ಳು ಟಕ್ಕು ನನಗೆ ಕೇಳಿಸದೇ ಹೋಗಿದ್ದರೆ?

ನಾಳೆ ಮತ್ತೆ ಬಿಚ್ಚುತ್ತಾರಂತೆ. ಕೆತ್ತುವುದಿಲ್ಲ,
ತೊಳೆಯುವುದಂತೆ, ಲೀಟರುಗಟ್ಟಲೆ ಉಪ್ಪುನೀರಿನಲ್ಲಿ.
ಅದೇ ಕಾಗದ ಹಿಡಿದು ಅವಳು ಮತ್ತೆ ಅಂಚಿಗೆ ಕೂತಳು.
ಈ ಸಲ ಲೆಕ್ಕ ಹೇಳಲಿಲ್ಲ, ಬರೀ ಕೇಳಿದಳು.

ನಿದ್ದೆ ಕೊಡು, ಅಂದೆ, ಪೂರ್ತಿ.
ಸುತ್ತಿಗೆಯಾದರೆ ಕೇಳಬಲ್ಲೆ,
ದೋಣಿಯ ಒಳಗೆ ನೀರಿನ ಸದ್ದು ಬೇಡ.